ಹೊಲಿಸುವುದಾ, ರೆಡಿಮೇಡ್ ತರುವುದಾ? ಮೊದಲು ಹೆಗಲು ನೋಡಿಕೊಳ್ಳಿ

ತಮ್ಮನ ಮದುವೆಗೆ ಮೂರು ದಿನ ಬಾಕಿ ಇತ್ತು. ಧಾರೆಯ ಹೊತ್ತಿಗೆ ಉಡುವ ಸೀರೆಯ ಬ್ಲೌಸ್ ಹೊಲಿಯಲು ಕೊಟ್ಟು ಇಪ್ಪತ್ತು ದಿನ ಕಳೆದಿತ್ತು. ಅಂಗಡಿಗೆ ಹೋದರೆ ಟೈಲರ್ ಮಿಷನ್ನಿನಿಂದ ತಲೆ ಎತ್ತದೆ ಹೇಳಿದರು: "ನಾಳೆ ಬನ್ನಿ ಅಕ್ಕ, ಕೊಕ್ಕೆ ಹಾಕುವುದು ಒಂದೇ ಬಾಕಿ ಉಂಟು." ಆ ಕೊಕ್ಕೆ ಹಾಕಿ ಮುಗಿದದ್ದು ಮದುವೆಯ ಹಿಂದಿನ ರಾತ್ರಿ ಒಂಬತ್ತೂವರೆಗೆ. ಮನೆಗೆ ತಂದು ಹಾಕಿದರೆ ತೋಳು ಮೊಣಕೈ ದಾಟಿ ಸ್ವಲ್ಪ ಮೇಲೆ ಬಂದು ಅಲ್ಲೇ ನಿಂತಿತು. ಅಮ್ಮ ಹಳೆಯ ಬ್ಲೇಡ್ ಹುಡುಕಿ ತಂದು ಹೊಲಿಗೆ ಬಿಚ್ಚಿದರು. ಒಳಗೆ ಬಿಟ್ಟ ಬಟ್ಟೆ ಅರ್ಧ ಇಂಚೂ ಇರಲಿಲ್ಲ.

ತಮ್ಮನ ಕತೆ ಬೇರೆ. ಅವನಿಗೆ ಹೆಗಲು ಸಣ್ಣದು, ಹೊಟ್ಟೆ ಸ್ವಲ್ಪ ಮುಂದೆ. ಟೈಲರ್ ಸಹವಾಸವೇ ಬೇಡ ಅಂತ ಶರ್ಟನ್ನು ಆನ್‌ಲೈನಿನಲ್ಲಿ ತರಿಸಿದ್ದ. ಹೊಟ್ಟೆಗೆ ಬಿಗಿ ಆಗಬಾರದು ಅಂತ 44ರ ಸೈಜು. ಹೊಟ್ಟೆಗೆ ಸರಿಯಾಯಿತು. ಹೆಗಲಿನ ಹೊಲಿಗೆ ಮಾತ್ರ ತೋಳಿನ ಮೇಲೆ ಇಳಿದು, ಅಪ್ಪನ ಅಂಗಿ ಹಾಕಿಕೊಂಡ ಹುಡುಗನ ಹಾಗೆ ಕಂಡ. ಆ ದಿನದ ಫೋಟೋಗಳಲ್ಲಿ ನಾನು ಎಲ್ಲೂ ಕೈ ಎತ್ತಿಲ್ಲ, ಅವನು ಎಲ್ಲೂ ಕೋಟು ತೆಗೆದಿಲ್ಲ.

ಹಾಗಾಗಿ ಹೊಲಿಸಿದ್ದೇ ಮೇಲು ಅಂತ ನಾನು ಹೇಳುವುದಿಲ್ಲ, ರೆಡಿಮೇಡೇ ಸುಖ ಅಂತಲೂ ಹೇಳುವುದಿಲ್ಲ. ಈಗ ಬಟ್ಟೆ ತೆಗೆಯುವ ಮೊದಲು ನಾನು ಒಂದೇ ಮಾತು ಕೇಳಿಕೊಳ್ಳುತ್ತೇನೆ: ಇದು ತಪ್ಪಿದರೆ ಆಮೇಲೆ ಸರಿ ಮಾಡಲಿಕ್ಕೆ ಆಗುತ್ತದಾ?

ಯಾವುದು ಸರಿ ಆಗುತ್ತದೆ, ಯಾವುದು ಆಗುವುದಿಲ್ಲ

ಪ್ಯಾಂಟಿನ ಉದ್ದ ಕಡಿಮೆ ಮಾಡುವುದು ಹತ್ತು ನಿಮಿಷದ ಕೆಲಸ. ಶರ್ಟಿನ ಎರಡು ಬದಿ ಹಿಡಿಸುವುದು, ಕುರ್ತಾದ ತೋಳು ಗಿಡ್ಡ ಮಾಡುವುದು, ಸೊಂಟ ಒಂದಿಂಚು ಒಳಗೆ ತರುವುದು ಎಲ್ಲ ಆಲ್ಟರೇಷನ್ ಅಂಗಡಿಯಲ್ಲಿ ಆಗುತ್ತದೆ. ಮಂಗಳೂರಿನ ಹಂಪನಕಟ್ಟೆಯ ಸುತ್ತ ಆಗಲಿ, ಉಡುಪಿಯ ಬಸ್‌ಸ್ಟ್ಯಾಂಡ್ ಹತ್ತಿರದ ಸಣ್ಣ ಕಟ್ಟಡಗಳ ಮಹಡಿಯಲ್ಲಾಗಲಿ, ಒಂದು ಮಿಷನ್ ಇಟ್ಟುಕೊಂಡು ಇದನ್ನೇ ಮಾಡುವವರು ಸಿಗುತ್ತಾರೆ.

ಹೆಗಲು ಹಾಗಲ್ಲ. ಹೆಗಲು ಸರಿ ಮಾಡಬೇಕಾದರೆ ತೋಳು ಬಿಚ್ಚಬೇಕು, ಕಂಕುಳದ ಸುತ್ತು ಮತ್ತೆ ಕತ್ತರಿಸಬೇಕು, ಆಮೇಲೆ ತೋಳು ಮತ್ತೆ ಕೂರಿಸಬೇಕು. ಅಷ್ಟು ಮಾಡಿಸುವ ಬದಲು ಹೊಸ ಶರ್ಟೇ ತಂದರಾಯಿತು. ಕಾಲರ್ ಕೂಡ ಹಾಗೆಯೇ. ಪ್ಯಾಂಟಿನಲ್ಲಾದರೆ ಸೊಂಟಪಟ್ಟಿಯಿಂದ ಕಾಲು ಸೇರುವಲ್ಲಿವರೆಗಿನ ಎತ್ತರ. ಅದು ಕಡಿಮೆ ಇದ್ದರೆ ಕೂತಾಗ ಹಿಂದೆ ಎಳೆಯುತ್ತದೆ, ಯಾವ ಟೈಲರ್ ಬಳಿ ಹೋದರೂ ಅಲ್ಲಿ ಬಟ್ಟೆ ಹುಟ್ಟಿಸಲು ಆಗುವುದಿಲ್ಲ.

ರೆಡಿಮೇಡ್ ಬಟ್ಟೆ ಕೆಲವರಿಗೆ ಕಣ್ಣು ಮುಚ್ಚಿ ತೆಗೆದರೂ ಸರಿಯಾಗುತ್ತದೆ, ಕೆಲವರಿಗೆ ಹತ್ತು ಹಾಕಿ ನೋಡಿದರೂ ಆಗುವುದಿಲ್ಲ. ಇದರಲ್ಲಿ ಅದೃಷ್ಟ ಏನೂ ಇಲ್ಲ. ಕಂಪನಿಯವರು ಒಂದು ಸೈಜಿಗೆ ನಕ್ಷೆ ಮಾಡಿ, ಉಳಿದ ಸೈಜುಗಳಿಗೆ ಅದನ್ನೇ ಒಂದು ಲೆಕ್ಕದಲ್ಲಿ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಎದೆ ಎರಡಿಂಚು ಜಾಸ್ತಿ ಆದರೆ ಕುತ್ತಿಗೆ, ಹೆಗಲು, ತೋಳು ಎಲ್ಲವೂ ಅದರ ಜೊತೆ ಬೆಳೆಯುತ್ತವೆ. ನಮ್ಮ ಮೈ ಹಾಗೆ ಬೆಳೆಯುವುದಿಲ್ಲ. ನಲವತ್ತು ದಾಟಿದ ಮೇಲೆ ಹೊಟ್ಟೆ ಒಂದೇ ಬೆಳೆಯುತ್ತದೆ, ಹೆಗಲು ಇದ್ದಲ್ಲೇ ಇರುತ್ತದೆ. ನಮ್ಮ ದೇಶದ ಜನರ ಮೈಯ ಅಳತೆ ತೆಗೆದು ನಮ್ಮದೇ ಸೈಜು ಪಟ್ಟಿ ಮಾಡಬೇಕು ಅಂತ ಫ್ಯಾಷನ್ ಕಲಿಸುವ ಕೇಂದ್ರ ಸರ್ಕಾರದ ನಿಫ್ಟ್ ಸಂಸ್ಥೆ 25,000 ಜನರನ್ನು ಸ್ಕ್ಯಾನ್ ಮಾಡುವ ಯೋಜನೆ ಹಾಕಿಕೊಂಡಿತು. ಅಂಗಡಿಯಲ್ಲಿ ಮಾತ್ರ ಈಗಲೂ ಒಬ್ಬರ 40 ಇನ್ನೊಬ್ಬರ 42 ಆಗಿರುತ್ತದೆ. ಅದಕ್ಕೇ ನಂಬರ್ ನೋಡಿ ತರಬೇಡಿ, ಹಾಕಿ ನೋಡಿ.

ಹಾಕಿ ನೋಡುವುದು ಅಂದರೆ ಕನ್ನಡಿ ಮುಂದೆ ಸುಮ್ನೆ ನಿಲ್ಲುವುದಲ್ಲ. ಹೆಗಲಿನ ಹೊಲಿಗೆ ಹೆಗಲ ಮೂಳೆ ಮುಗಿಯುವಲ್ಲೇ ಇದೆಯಾ ನೋಡಿ. ಆಮೇಲೆ ಸ್ಟೇಟ್‌ಬ್ಯಾಂಕಿಗೆ ಹೋಗುವ ಸಿಟಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದ ಹಾಗೆ ಕೈ ಎತ್ತಿ. ಪೂರ್ತಿ ಶರ್ಟು ಹೊಟ್ಟೆ ಬಿಟ್ಟು ಮೇಲೆ ಬಂದರೆ ಕಂಕುಳದ ಸುತ್ತು ತುಂಬ ಕೆಳಗೆ ಇದೆ ಅಂತ ಅರ್ಥ. ಎಲ್ಲರ ಮೈಗೂ ಹೊಂದಲಿ ಅಂತ ರೆಡಿಮೇಡಿನಲ್ಲಿ ಆ ಸುತ್ತನ್ನು ದೊಡ್ಡದಾಗಿಯೇ ಇಡುತ್ತಾರೆ. ಅದು ಸ್ವಲ್ಪ ಮೇಲೆ, ಮೈಗೆ ಹತ್ತಿರ ಇದ್ದರೆ ಕೈ ಸಲೀಸಾಗಿ ಏಳುತ್ತದೆ. ಬಿಗಿ ಇದ್ದರೆ ಕೈ ಆಡುವುದಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಇದನ್ನು ತೋರಿಸಿಕೊಟ್ಟವರು ಉಡುಪಿ ರಥಬೀದಿ ಹತ್ತಿರ ನಮ್ಮಪ್ಪನ ಶರ್ಟು ಹೊಲಿಯುತ್ತಿದ್ದ ಟೈಲರ್. ಅಪ್ಪನಿಗೂ ಅವರಿಗೂ ಒಂದು ತಮಾಷೆ ಇತ್ತು. "ಇಷ್ಟು ಚಂದ ಹೊಲಿದು ಏನು ಪ್ರಯೋಜನ, ಮಠದ ಒಳಗೆ ಹೋಗುವಾಗ ನೀವು ತೆಗೆದು ಕೈಯಲ್ಲಿ ಹಿಡಿದುಕೊಳ್ಳುವುದೇ ಅಲ್ವಾ?"

ಶರ್ಟು: ಲೆಕ್ಕ ಹಾಕಿದರೆ

58 ಇಂಚು ಪನ್ನದ (ಅಂದರೆ ಅಗಲದ) ಬಟ್ಟೆಯಾದರೆ ಫುಲ್ ತೋಳಿನ ಶರ್ಟಿಗೆ 1.6 ಮೀಟರ್ ಸಾಕು. ಎತ್ತರದವರು, ದಪ್ಪಗಿನವರು 2 ಮೀಟರ್ ತೆಗೆದುಕೊಳ್ಳಿ. ಖಾದಿ, ಕೈಮಗ್ಗದ ಬಟ್ಟೆ ಹಲವು ಸಲ 36 ಇಂಚಿನ ಪನ್ನದಲ್ಲಿ ಬರುತ್ತದೆ, ಅದಕ್ಕೆ ಎರಡೂಕಾಲರಿಂದ ಎರಡೂವರೆ ಮೀಟರ್ ಬೇಕು. ಅಂಗಡಿಯವರನ್ನು ಮೊದಲು ಕೇಳಬೇಕಾದದ್ದು ರೇಟು ಅಲ್ಲ, ಪನ್ನ. ನಾನು ಒಮ್ಮೆ ಅದನ್ನು ಕೇಳದೆ ಒಂದೂವರೆ ಮೀಟರ್ ತಂದು, ಗಂಡನ ಶರ್ಟು ಹೋಗಿ ಮಗನ ಶರ್ಟು ಆಯಿತು.

ಮೀಟರಿಗೆ 450 ರೂಪಾಯಿಯ ಕಾಟನ್ ಅಂತ ಇಟ್ಟುಕೊಳ್ಳಿ. ಬಟ್ಟೆಗೆ 720 ಆಯಿತು. ಹೊಲಿಗೆ ಕೂಲಿ ಅಂಗಡಿಯಿಂದ ಅಂಗಡಿಗೆ ಬೇರೆ, ನಾನು ಈಚೆಗೆ ಕೊಟ್ಟದ್ದು 450. ಒಟ್ಟು 1,170. ಅಷ್ಟಕ್ಕೆ ಮಾಲಿನಲ್ಲಿ ಸೇಲ್ ಇದ್ದಾಗ ಒಳ್ಳೆಯ ಹೆಸರಿನ ಶರ್ಟೇ ಸಿಗುತ್ತದೆ, ಕೆಲವೊಮ್ಮೆ ಇನ್ನೂ ಕಡಿಮೆಗೆ. ಹೆಗಲು ಸರಿ ಕೂತರೆ ಈ ದರದಲ್ಲಿ ರೆಡಿಮೇಡೇ ಗೆಲ್ಲುತ್ತದೆ. ಕಾಲರ್ ವಿಷಯದಲ್ಲೂ ಅದಕ್ಕೇ ನನ್ನ ಓಟು. ಕಾರ್ಖಾನೆಯಲ್ಲಿ ಕಾಲರಿನ ಒಳಗಿನ ಪದರವನ್ನು ಮಿಷನ್ನಿನಲ್ಲಿ ಬಿಸಿಯಾಗಿ ಒತ್ತಿ ಅಂಟಿಸುತ್ತಾರೆ. ನಮ್ಮ ಟೈಲರ್ ಇಸ್ತ್ರಿಪೆಟ್ಟಿಗೆಯಲ್ಲಿ ಅಂಟಿಸುತ್ತಾರೆ. ಅದಕ್ಕೆ ಹಾಕಿದ ಮಾಲು ಅಗ್ಗದ್ದಾದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಕಾಲರ್ ಗುಳ್ಳೆ ಏಳುತ್ತದೆ.

ಲಿನನ್ ಕಡೆ ಹೋದರೆ ಲೆಕ್ಕ ತಿರುಗುತ್ತದೆ. ಮೀಟರಿಗೆ 900ರ ಲಿನನ್ 1.6 ಮೀಟರಿಗೆ 1,440, ಕೂಲಿ ಸೇರಿ ಹತ್ತಿರ ಹತ್ತಿರ 1,900. ಅಂಥದೇ ರೆಡಿಮೇಡ್ ಶರ್ಟಿನ ಚೀಟಿಯಲ್ಲಿ ಮೂರು ಸಾವಿರದ ಆಸುಪಾಸಿನ ಬೆಲೆ ನೋಡಿದ್ದೇನೆ. ಇಲ್ಲಿ ತೆರಿಗೆಯ ಕೈವಾಡವೂ ಇದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18. ಮೀಟರ್ ಲೆಕ್ಕದ ಬಟ್ಟೆಗೆ ಎಷ್ಟೇ ದುಬಾರಿಯಾದರೂ ಶೇ 5. ಹಾಗಾಗಿ ದುಬಾರಿ ಬಟ್ಟೆ ಬೇಕಾದವರು ತುಂಡು ತಂದು ಹೊಲಿಸುವುದೇ ಲಾಭ.

ನಮ್ಮ ಊರಿನ ಸೆಕೆಗೆ ಲಿನನ್ ಹೇಳಿ ಮಾಡಿಸಿದ್ದು, ಅದು ಒಪ್ಪುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಅದನ್ನು ಒಣಗಿಸುವವರು ಯಾರು, ಇಸ್ತ್ರಿ ಹಾಕುವವರು ಯಾರು? ಮಳೆಗಾಲಕ್ಕೆ ಅಂತ ಎರಡು ಪಾಲಿಯೆಸ್ಟರ್ ಬೆರೆತ ರೆಡಿಮೇಡ್ ಶರ್ಟು ಬೇರೆ ಇಟ್ಟುಕೊಳ್ಳಿ. ಅದಕ್ಕೆ ಹೊಲಿಗೆ ಕೂಲಿ ದಂಡ.

ಪ್ಯಾಂಟು, ಜೀನ್ಸು

ಜೀನ್ಸನ್ನು ಹೊಲಿಸಬೇಡಿ, ಅಷ್ಟೇ. ದಪ್ಪ ಬಟ್ಟೆಗೆ ಬೇರೆ ಮಿಷನ್ನು ಬೇಕು, ಹಿತ್ತಾಳೆ ಗುಂಡಿ ಒತ್ತುವ ಸಾಮಾನು ಬೇಕು. ಉದ್ದ ಕಡಿಮೆ ಮಾಡಿಸುವಾಗ "ಹಳೆಯ ಅಂಚೇ ಇಟ್ಟು ಮಾಡಿ" ಅಂತ ಹೇಳಿದರೆ ಸಾಕು.

ಆಫೀಸಿನ ಪ್ಯಾಂಟು ಮಾತ್ರ ಟೈಲರ್ ಕೈಯಲ್ಲಿ ಹೊಲಿಸಿದ್ದೇ ಚಂದ. ನನ್ನ ಗಂಡ ಬ್ಯಾಂಕಿನಲ್ಲಿ ದಿನಕ್ಕೆ ಏಳು ಗಂಟೆ ಕೂತೇ ಇರುವವರು. ಈಗಿನ ರೆಡಿಮೇಡ್ ಪ್ಯಾಂಟುಗಳ ಸೊಂಟ ಕೆಳಗೆ ಇಳಿದಿರುತ್ತದೆ, ತೊಡೆಯಲ್ಲಿ ಬಿಗಿ. ಕೂತರೆ ಹೊಟ್ಟೆಗೆ ಚುಚ್ಚುತ್ತದೆ, ಎದ್ದರೆ ಜಾರುತ್ತದೆ. ಹೊಲಿಸಿದ ಪ್ಯಾಂಟಿನಲ್ಲಿ ಹಿಂಬದಿ ಮಧ್ಯದ ಹೊಲಿಗೆಯೊಳಗೆ ಎರಡಿಂಚು ಬಟ್ಟೆ ಬಿಡಿಸಬಹುದು. ಸೊಂಟ ಹೆಚ್ಚಿದ ವರ್ಷ ಬಿಚ್ಚಿದರಾಯಿತು. ಅವರ ಒಂದು ಬೂದು ಪ್ಯಾಂಟು ಹಾಗೆ ಎರಡು ಸಲ ದೊಡ್ಡದಾಗಿದೆ, ಒಂದು ಸಲ ಸಣ್ಣದಾಗಿದೆ. ಸಣ್ಣದಾದದ್ದು ಡೆಂಗೆ ಬಂದ ವರ್ಷ.

ಬ್ಲೌಸು: ಇಲ್ಲಿ ಕತೆ ಉದ್ದ

ಗಂಡಸರ ಬಟ್ಟೆ ನಾಲ್ಕು ಅಳತೆಯಲ್ಲಿ ಮುಗಿಯುತ್ತದೆ. ಬ್ಲೌಸಿಗೆ ಎದೆ, ಎದೆಯ ಕೆಳಗೆ, ಸೊಂಟ, ಹೆಗಲು, ತೋಳಿನ ಸುತ್ತು, ಮುಂದಿನ ಕುತ್ತಿಗೆ, ಹಿಂದಿನ ಕುತ್ತಿಗೆ, ಟಕ್ (ಮೈಗೆ ಸರಿ ಕೂರಲು ಹಿಡಿಯುವ ಮಡಿಕೆ) ಎಲ್ಲಿ ಬರಬೇಕು, ಎಲ್ಲವೂ ಬೇಕು. ಒಂದು ತಪ್ಪಿದರೂ ಸೀರೆ ಉಟ್ಟಾಗ ಗೊತ್ತಾಗುತ್ತದೆ. ಆದ್ದರಿಂದ ಬ್ಲೌಸಿಗೆ ನನ್ನ ಮೊದಲ ಆಯ್ಕೆ ಇವತ್ತಿಗೂ ಹೊಲಿಸುವುದೇ, ಅಷ್ಟೆಲ್ಲ ಅನುಭವಿಸಿದ ಮೇಲೂ.

ಆದರೆ ಯಾವ ಸೀರೆಗೆ? ದಿನಾ ಶಾಲೆಗೆ ಉಟ್ಟು ಹೋಗುವ ಸೀರೆಗೆ ಎಳೆದರೆ ಹಿಗ್ಗುವ ರೆಡಿಮೇಡ್ ಬ್ಲೌಸು ತುಂಬ ಒಳ್ಳೆಯದು. ಕಪ್ಪು, ಬಿಳಿ, ಮರೂನ್, ಚಿನ್ನದ ಬಣ್ಣ, ಈ ನಾಲ್ಕಿದ್ದರೆ ಇಪ್ಪತ್ತು ಸೀರೆಗೆ ಆಗುತ್ತದೆ. ರಾತ್ರಿ ಒಗೆದರೆ ಆಟಿ ತಿಂಗಳ ಮಳೆಯಲ್ಲೂ ಬೆಳಿಗ್ಗೆ ಫ್ಯಾನಿನಡಿ ಒಣಗಿರುತ್ತದೆ. ಸೆಕೆಗಾಲದಲ್ಲಿ ಮಾತ್ರ ಮೈಗೆ ಅಂಟಿಕೊಂಡು ಬೆವರುಸಾಲೆ ಬರುತ್ತದೆ. ಇನ್ನೊಂದು ಜಾತಿ ಇದೆ, 'ಆಲ್ಟರೇಬಲ್' ಅಂತ ಬರೆದಿರುತ್ತಾರೆ. ಒಳಗೆ ಎರಡು ಮೂರು ಸಾಲು ಹೊಲಿಗೆ ಇರುತ್ತದೆ, ಬೇಕಾದಷ್ಟು ಬಿಚ್ಚಿ ಹಾಕಿಕೊಳ್ಳುವುದು. ನೆಂಟರ ಮನೆಯ ಕಾರ್ಯಕ್ರಮಕ್ಕೆ ದಿಢೀರ್ ಹೊರಡುವಾಗ ಜೀವ ಉಳಿಸುತ್ತದೆ.

ಕೈಮಗ್ಗದ ಸೀರೆಗೆ ನಾನು ಹಿಗ್ಗುವ ಬ್ಲೌಸು ಹಾಕುವುದಿಲ್ಲ. ನಮ್ಮದೇ ಉಡುಪಿ ಸೀರೆಗೆ 2016ರಲ್ಲಿ ಜಿಐ ಗುರುತು, ಅಂದರೆ ಇದು ಈ ಊರಿನದ್ದೇ ಅನ್ನುವ ಸರ್ಕಾರಿ ಮುದ್ರೆ ಸಿಕ್ಕಿತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಮಗ್ಗದಲ್ಲಿ ನೇಯ್ದ ಆ ಹಗುರ ಕಾಟನ್ ಸೀರೆಯ ಮೇಲೆ ಹೊಳೆಯುವ ಲೈಕ್ರಾ ಬ್ಲೌಸು ನೋಡಿದರೆ ನನಗೇನೋ ಕಸಿವಿಸಿ. ಅದಕ್ಕೆ ಕಾಟನ್ ಬ್ಲೌಸೇ, ಕಾಟನ್ ಲೈನಿಂಗೇ ಹಾಕಿಸುತ್ತೇನೆ.

ಲೈನಿಂಗ್ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಬ್ಲೌಸ್ ಬಟ್ಟೆ, ಲೈನಿಂಗ್ ಎರಡನ್ನೂ ಮನೆಯಲ್ಲೇ ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿಯೇ ಟೈಲರಿಗೆ ಕೊಡಿ. ರೇಷ್ಮೆಯಾದರೆ ಲೈನಿಂಗ್ ಒಂದನ್ನು ನೆನೆಸಿದರೆ ಸಾಕು, ರೇಷ್ಮೆಗೆ ನೀರು ಬೇಡ. ನೆನೆಸದ ಕಾಟನ್ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಮೇಲಿನ ಬಟ್ಟೆ ಅಷ್ಟೇ ಇದ್ದು ಒಳಗಿನದ್ದು ಕುಗ್ಗಿದರೆ ಬ್ಲೌಸು ಸುಕ್ಕು ಸುಕ್ಕಾಗಿ ಎಳೆಯುತ್ತದೆ. ಎಷ್ಟೋ ಸಲ ನಾವು ಟೈಲರಿಗೆ ಬೈಯುವುದು ಈ ನೀರಿನ ತಪ್ಪಿಗೆ.

ಅಳತೆಗೆ ಅಂತ ಹಳೆಯ ಬ್ಲೌಸು ಕೊಡುವವರೂ ಜಾಗ್ರತೆ. ಮೂರು ವರ್ಷ ಉಟ್ಟ ಬ್ಲೌಸು ಹಿಗ್ಗಿರುತ್ತದೆ, ಮೂರು ವರ್ಷದಲ್ಲಿ ನಾವೂ ಹಿಗ್ಗಿರುತ್ತೇವೆ. ನನ್ನ ತೋಳು ಸಿಕ್ಕಿಹಾಕಿಕೊಂಡದ್ದು ಅಲ್ಲೇ. ಹಳೆಯ ಅಳತೆ ಬ್ಲೌಸು ಕೊಟ್ಟು, "ತೋಳು ಈಗ ಸ್ವಲ್ಪ ದಪ್ಪ ಆಗಿದೆ" ಅನ್ನುವ ಮಾತನ್ನು ನಾಚಿಕೆಯಿಂದ ನುಂಗಿಕೊಂಡಿದ್ದೆ. ಟೈಲರ್ ತಪ್ಪು ಅರ್ಧ ಇಂಚಿನದು, ನನ್ನದು ಒಂದಿಂಚಿನದು.

ಶಾಲೆಯ ಯೂನಿಫಾರ್ಮು

ಇದರಲ್ಲಿ ಆಯ್ಕೆ ಹೆಚ್ಚಿಲ್ಲ. ಶಾಲೆಯವರು ರೆಡಿಮೇಡ್ ಕೊಟ್ಟರೆ ಅದೇ. ಬಟ್ಟೆ ಕೊಟ್ಟರೆ ಎಪ್ರಿಲ್‌ನಲ್ಲೇ ಹೊಲಿಯಲು ಕೊಡಿ, ಮೇ ಕೊನೆಯ ವಾರ ಯಾವ ಟೈಲರ್ ಮುಖವೂ ನೋಡುವ ಹಾಗಿರುವುದಿಲ್ಲ. ಚಡ್ಡಿ, ಲಂಗ, ಪ್ಯಾಂಟು ಎಲ್ಲದಕ್ಕೂ ಕೆಳಗೆ ಮೂರಿಂಚು ಮಡಚಿ ಹೊಲಿಸಿ. ಮರುವರ್ಷ ಬಿಚ್ಚಿದಾಗ ಹಳೆಯ ಮಡಿಕೆಯ ಗೆರೆ ಕಾಣುತ್ತದೆ, ಕಾಣಲಿ ಬಿಡಿ. ನಮ್ಮ ಕಾಲದಲ್ಲಿ ಆ ಗೆರೆ ಎಣಿಸಿ ಯಾರು ಎಷ್ಟನೇ ಕ್ಲಾಸು ಅಂತ ಹೇಳಬಹುದಿತ್ತು. ಯೂನಿಫಾರ್ಮ್ ಅಂದಾಗ ನೆನಪಾಯಿತು: 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಕ್ರೈಸ್ತ ಪಾದ್ರಿಗಳು ಆಮೇಲೆ ಇಲ್ಲಿ ನೇಯ್ಗೆ ಕಾರ್ಖಾನೆ ಹಾಕಿದರು. ಖಾಕಿ ಬಣ್ಣ ಹುಟ್ಟಿದ್ದು ಬಲ್ಮಠದ ಆ ಮಗ್ಗಗಳ ನಡುವೆಯೇ ಅಂತ ನಮ್ಮೂರಿನವರು ಇವತ್ತೂ ಎದೆ ತಟ್ಟಿ ಹೇಳುತ್ತಾರೆ.

ಮದುವೆಯ ಕೋಟು

ಒಂದೇ ದಿನ ಹಾಕುವ ಕೋಟಿಗೆ ಹತ್ತು ಸಾವಿರ ಸುರಿಯಬೇಕಾ ಅನ್ನುವುದು ಮೊದಲು ಯೋಚಿಸಬೇಕಾದ ವಿಷಯ. ಬಾಡಿಗೆಗೆ ಕೋಟು, ಮದುಮಗಳ ಬಿಳಿ ಗೌನು ಕೊಡುವ ಅಂಗಡಿಗಳು ಮಂಗಳೂರಿನಲ್ಲಿ ಇವೆ. ಇಗರ್ಜಿಯಲ್ಲಿ ಮದುವೆ ಆಗುವ ನನ್ನ ಗೆಳತಿಯರ ಮನೆಗಳಲ್ಲಿ ಇದು ಹೊಸತೇನಲ್ಲ. ಆಮೇಲೂ ಕೋಟು ಹಾಕುವ ಕೆಲಸ ಇದ್ದವರು ಮಾತ್ರ ಹೊಲಿಸಿ.

ಈಗ ದೊಡ್ಡ ಬ್ರಾಂಡಿನ ಅಂಗಡಿಗಳಲ್ಲೂ "ನಿಮ್ಮ ಅಳತೆಗೆ ಮಾಡಿಕೊಡುತ್ತೇವೆ" ಅಂತಾರೆ. ಅಲ್ಲಿ ಅಳತೆ ತೆಗೆಯುವುದು ಅಂಗಡಿಯಲ್ಲಿ, ಹೊಲಿಯುವುದು ಎಲ್ಲೋ ದೂರದ ಕಾರ್ಖಾನೆಯಲ್ಲಿ. ಮೊದಲೇ ಇದ್ದ ನಕ್ಷೆಯನ್ನು ನಿಮ್ಮ ನಂಬರಿಗೆ ತಕ್ಕಂತೆ ತಿದ್ದುತ್ತಾರೆ. ಗಲ್ಲಿಯ ಟೈಲರ್ ನಿಮ್ಮನ್ನು ನೋಡಿಕೊಂಡೇ ಬಟ್ಟೆಯ ಮೇಲೆ ಚಾಕಿನಲ್ಲಿ ಗೆರೆ ಎಳೆಯುತ್ತಾರೆ. ಒಂದು ಹೆಗಲು ಇಳಿದಿದ್ದರೆ, ಬೆನ್ನು ಬಾಗಿದ್ದರೆ ಅವರ ಕಣ್ಣಿಗೆ ಬೀಳುತ್ತದೆ, ಟೇಪಿಗೆ ಬೀಳುವುದಿಲ್ಲ. ಮೈ ಸಾಧಾರಣವಾಗಿ ನೆಟ್ಟಗಿದ್ದು, ಹೊಲಿಗೆಯ ಅಚ್ಚುಕಟ್ಟು ಮುಖ್ಯ ಅನ್ನುವವರಿಗೆ ಬ್ರಾಂಡು ಆಗಬಹುದು. ಹೆಗಲು ಮೇಲೆ ಕೆಳಗೆ ಇರುವವರು ಟೈಲರ್ ಹತ್ತಿರವೇ ಹೋಗಿ, ಅರ್ಧ ಹೊಲಿದಾಗ ಒಮ್ಮೆ ಟ್ರಯಲ್ ಕೇಳಿ. ಟ್ರಯಲ್ ಕೊಡುವುದಿಲ್ಲ ಅಂದರೆ ಬೇರೆ ಅಂಗಡಿ ನೋಡಿ.

ಯಾವಾಗ ಹೋಗಬೇಕು

ಟೈಲರ್ ಕೆಲಸದ ನಿಜವಾದ ಬೆಲೆ ಕೂಲಿಯಲ್ಲ, ನಾವು ನಾಲ್ಕು ಸಲ ಅಂಗಡಿಗೆ ಹತ್ತಿ ಇಳಿಯುವುದು. ಅದು ಕಡಿಮೆ ಆಗುವ ಕಾಲ ಒಂದಿದೆ, ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುನಾಡಿನಲ್ಲಿ ಮದುವೆ ಇಡುವುದಿಲ್ಲ. ಜವಳಿ ಅಂಗಡಿಗಳಲ್ಲಿ ಜನ ಇರುವುದಿಲ್ಲ, ಅದಕ್ಕೇ ಆಟಿ ಸೇಲ್ ಅಂತ ಬೋರ್ಡು ಹಾಕುತ್ತಾರೆ. ಟೈಲರ್ ಕೈಯೂ ಖಾಲಿ. ಆಟಿಯಲ್ಲಿ ಬಟ್ಟೆ ತೆಗೆದು ಆಟಿಯಲ್ಲೇ ಹೊಲಿಯಲು ಕೊಟ್ಟರೆ ವಾರದಲ್ಲಿ ಸಿಗುತ್ತದೆ, ಟೈಲರ್ ಮಾತಿಗೂ ಸಿಗುತ್ತಾರೆ. ಅಷ್ಟಮಿ, ಚೌತಿ, ನವರಾತ್ರಿಗೆ ನೀವು ನೆಮ್ಮದಿಯಾಗಿರಬಹುದು. ತಂದದ್ದನ್ನು ಸರಿಯಾಗಿ ಒಣಗಿಸದೆ ಕಪಾಟಿನಲ್ಲಿ ಇಟ್ಟರೆ ಬೂಷ್ಟು ಹಿಡಿಯುತ್ತದೆ, ಅಷ್ಟು ನೋಡಿಕೊಂಡರೆ ಆಯಿತು. ನವರಾತ್ರಿಯಿಂದ ದೀಪಾವಳಿವರೆಗೆ, ಕ್ರಿಸ್‌ಮಸ್ಸಿನ ಹಿಂದಿನ ತಿಂಗಳು, ಎಪ್ರಿಲ್ ಮೇ ಮದುವೆಯ ಕಾಲ, ಈ ದಿನಗಳಲ್ಲಿ ಒಂದು ತಿಂಗಳ ಸಮಯ ಇಲ್ಲದಿದ್ದರೆ ನಾನು ಹೊಲಿಯಲು ಕೊಡುವುದೇ ಇಲ್ಲ. ಹೆಗಲಿಗೆ ಸರಿಯಾದ ರೆಡಿಮೇಡ್ ತಂದು ಬದಿ ಹಿಡಿಸುತ್ತೇನೆ. ನೂರು ನೂರೈವತ್ತರಲ್ಲಿ ಮುಗಿಯುತ್ತದೆ, ನೋಡಿದವರು ಹೊಲಿಸಿದ್ದಾ ಅಂತ ಕೇಳುತ್ತಾರೆ.

ಟೈಲರಿಗೆ ಬೇಕಾದ ದಿನಕ್ಕಿಂತ ಐದು ದಿನ ಮೊದಲಿನ ತಾರೀಖು ಹೇಳಿ. ಅವರಿಗೂ ನೀವು ಸುಳ್ಳು ಹೇಳುತ್ತಿದ್ದೀರಿ ಅಂತ ಗೊತ್ತಿರುತ್ತದೆ, ಆದರೂ ಹೇಳಿ. ಒಳಗೆ ಒಂದಿಂಚು ಬಿಡಲು ಬಾಯಿಬಿಟ್ಟು ಹೇಳಿ, ಚೀಟಿಯಲ್ಲಿ ಬರೆಸಿ. ಬಟ್ಟೆ ಕೈಗೆ ಬಂದಾಗ ಅಂಗಡಿಯ ಪರದೆ ಹಿಂದೆಯೇ ಹಾಕಿ ನೋಡಿ, ಮನೆಗೆ ತಂದು ಅಲ್ಲ. ಉಳಿದ ತುಂಡು ಕೇಳಿ ತನ್ನಿ. ತೋಳು ಬಿಚ್ಚಬೇಕಾದರೆ ಅದೇ ಬೇಕಾಗುತ್ತದೆ. ನನ್ನ ಧಾರೆ ಬ್ಲೌಸಿಗೆ ಆಮೇಲೆ ಕಂಕುಳಲ್ಲಿ ಹಾಗೇ ಒಂದು ತುಂಡು ಸೇರಿಸಿ ಸರಿ ಮಾಡಿಸಿದೆ. ಕೈ ಕೆಳಗಿದ್ದಾಗ ಕಾಣುವುದಿಲ್ಲ. ಮಿಕ್ಕಿದ್ದನ್ನು ಅಮ್ಮ ನಾಲ್ಕು ಮಡಿಕೆ ಹೊಲಿದು ಬಿಸಿ ಪಾತ್ರೆ ಹಿಡಿಯಲು ಇಟ್ಟುಕೊಂಡಿದ್ದಾರೆ, ಜರಿ ಅಂಚು ಮೇಲೆ ಬರುವ ಹಾಗೆ.